ಟಿಪ್ಪರ್ ಮಾಲಕಿಯ ರೇಷನ್ ಕಾರ್ಡು

2020ರ ಡಿಸೆಂಬರ್ 30ರಂದು ಗ್ರಾಮ ಪಂಚಾಯ್ತಿ ಚುನಾವಣೆಯ ಮತ ಎಣಿಕೆ ನಡೆಯಿತು. ಅಂದು ಗೆದ್ದವರಲ್ಲಿ ನನ್ನ ಹೈಸ್ಕೂಲು ಗೆಳೆಯನೊಬ್ಬನಿದ್ದ. ಎಣಿಕೆ ಕೇಂದ್ರದಿಂದ ಅವನು ಊರಿಗೆ ಹೋದದ್ದು ನನ್ನ ಬೈಕಿನ ಹಿಂದಿನ ಸೀಟಿನಲ್ಲಿ. ಅವನ ಬೈಕು ಆ ದಿನ ಚಾಲೂ ಆಗಲಿಲ್ಲ. ಬೆಂಬಲಿಗರು ಎರಚಿದ ಗುಲಾಲು ನನ್ನ ಸೀಟಿನ ಹೊಲಿಗೆಯೊಳಗೆ ಕೂತು ಮುಂದಿನ ಮಳೆಗಾಲದವರೆಗೂ ಪ್ಯಾಂಟಿಗೆ ಹತ್ತುತ್ತಿತ್ತು.

ನಾನು ಸವಣೂರಿನಲ್ಲಿದ್ದುಕೊಂಡು ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳ ಸುದ್ದಿ ಕಳಿಸುವವನು. ಗೆಳೆಯನ ಪಂಚಾಯ್ತಿ ಈ ನಾಲ್ಕರಲ್ಲಿ ಒಂದರಲ್ಲಿದೆ ಎಂದಷ್ಟು ಬರೆದರೆ ಸಾಕು. ಗೆಲ್ಲುವವರೆಗೆ ಅವನು ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ನಾವಿಬ್ಬರೂ ಒಂದು ಚಾ ತರಿಸಿ ಅರ್ಧರ್ಧ ಕುಡಿಯುತ್ತಿದ್ದೆವು. ಗೆದ್ದ ಕೆಲವೇ ವಾರಗಳಲ್ಲಿ ಮೀಸಲಾತಿ ಅವನ ಕಡೆಗೆ ಬಂದು ಅಧ್ಯಕ್ಷನಾದ. ಅಂದಿನಿಂದ ಹೋಟೆಲಿನಲ್ಲಿ ಕೂತವರೆಲ್ಲರ ಚಾ ಅವನದೇ ಆಯಿತು.

ಮೊದಲ ವರ್ಷ ಅವನ ಅಂಗಿ ಬಿಳಿಯಾಯಿತು. ಎರಡನೆಯ ವರ್ಷ ಅಂಗಿಗೆ ಇಸ್ತ್ರಿ ಬಂತು. ಆಮೇಲೆ ಇಸ್ತ್ರಿ ಕೆಡದ ಹಾಗೆ ಕೂರುವ ವಾಹನ ಬೇಕಾಯಿತು.

“ಯಾರ್ದಲೇ ಗಾಡಿ?” ಎಂದು ಕೇಳಿದ್ದೆ.

“ಬೀಗರದು. ನನ್ನ ಹೆಸರಿಗೆ ಏನೈತೋ ಮಾರಾಯ? ಒಂದು ಹಳೇ ಬೈಕು. ಅದೂ ಒದ್ದರೂ ಚಾಲೂ ಆಗೂದಿಲ್ಲ.”

ಈ ಮಾತನ್ನು ಅವನು ವೇದಿಕೆಯ ಮೇಲೂ ಹೇಳುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ಆ ಬೈಕನ್ನು ಮನೆಯ ಮುಂದೆ ನಿಲ್ಲಿಸಿ ತಾಡಪತ್ರಿ ಹೊದಿಸಿದ್ದ. ಪೇಪರಿನವರು ಬಂದರೆ ತಾಡಪತ್ರಿ ತೆಗೆಸುತ್ತಿದ್ದ. ಸದಸ್ಯರು ಸಲ್ಲಿಸಬೇಕಾದ ಆಸ್ತಿ ವಿವರದ ಪ್ರತಿಯನ್ನು ಅವನೇ ನನಗೆ ತಂದು ತೋರಿಸಿದ. ಅದರಲ್ಲಿ ಬೈಕು ಇತ್ತು, ಮನೆಯಾಕೆಯ ತಾಳಿ ಇತ್ತು, ಮತ್ತೇನೂ ಇರಲಿಲ್ಲ. ನಾನು ಅದನ್ನು ಹಾಗೆಯೇ ವರದಿ ಮಾಡಿದೆ. ಎರಡೂವರೆ ವರ್ಷಕ್ಕೆ ಅಧ್ಯಕ್ಷಗಿರಿ ಮುಗಿಯಿತು. “ಅಧ್ಯಕ್ಷರ” ಎಂದು ಕರೆಯುವುದು ಮುಗಿಯಲಿಲ್ಲ.

ಅವನಿಗೆ ಒಬ್ಬಳೇ ಅಕ್ಕ. ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಆಕೆಯ ಮಗಳನ್ನೇ ಅವನು ಮದುವೆಯಾದದ್ದರಿಂದ ಅವನಿಗೆ ಆಕೆ ಅಕ್ಕನೂ ಹೌದು, ಅತ್ತೆಯೂ ಹೌದು. ಗಂಡ ತೀರಿಕೊಂಡ ಮೇಲೆ ಹಂಸಭಾವಿ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬಳೇ ಇದ್ದಾಳೆ. ಎರಡು ಎಮ್ಮೆ ಕಟ್ಟಿದ್ದಾಳೆ, ಹಾಲು ಹಾಕುತ್ತಾಳೆ. ಹೈಸ್ಕೂಲಿನ ದಿನಗಳಲ್ಲಿ ನಾನು ರಜೆಗೆ ಅವನ ಜೊತೆ ಅಲ್ಲಿಗೆ ಹೋಗಿ ಆಕೆಯ ಕೈಯ ರೊಟ್ಟಿ ತಿಂದವನು. ಹಾಗಾಗಿ ನನಗೂ ಅವಳು ಅಕ್ಕನೇ, ನಾನು ಅವಳಿಗೆ ತಮ್ಮ.

ಅಕ್ಕ ಶಾಲೆಗೆ ಹೋದವಳಲ್ಲ. ಮಹಿಳಾ ಸಂಘ ಸೇರಿದ ಮೇಲೆ ಸಹಿ ಮಾಡಲು ಕಲಿತಳು. ನಾಲ್ಕು ಅಕ್ಷರದ ಹೆಸರು. ಕೊನೆಯ ಅಕ್ಷರಕ್ಕೆ ಎಮ್ಮೆಯ ಬಾಲದಂತೆ ಒಂದು ಗೆರೆ ಎಳೆದು ಮೇಲಕ್ಕೆ ಸುತ್ತುತ್ತಾಳೆ. ಓದಲು ಬರುವುದೂ ಆ ನಾಲ್ಕು ಅಕ್ಷರ ಮಾತ್ರ. ಆದರೆ ಅವನ್ನು ಎಲ್ಲಿದ್ದರೂ ಓದುತ್ತಾಳೆ. ಸಹಿ ಮಾಡುವುದೆಂದರೆ ಅವಳಿಗೆ ಬಹಳ ಸೇರುತ್ತದೆ. ಅಂಚೆಯವನು ಒಂದು ಸಹಿ ಕೇಳಿದರೆ ಎರಡು ಮಾಡುತ್ತಿದ್ದಳು. ಗೆಳೆಯ ಸಹಿಗೆ ಕಾಗದ ತಂದಾಗಲೆಲ್ಲ ಮೊದಲು ಕೈ ತೊಳೆದುಕೊಂಡು ಬಂದು ಕೂರುತ್ತಿದ್ದಳಂತೆ.

ಹೋದ ವರ್ಷ ಅನರ್ಹರ ಬಿಪಿಎಲ್ ಕಾರ್ಡುಗಳ ಪರಿಶೀಲನೆ ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಅಕ್ಕ ಬಸ್ಸು ಬದಲಿಸಿ ಬದಲಿಸಿ ಸವಣೂರಿಗೆ ಬಂದಳು. ಕೈಚೀಲದಲ್ಲಿ ಒಂದು ಡಬ್ಬಿ ತುಪ್ಪ, ಲ್ಯಾಮಿನೇಷನ್ ಮಾಡಿಸಿದ ರೇಷನ್ ಕಾರ್ಡು.

“ತಮ್ಮಾ, ನನ್ನ ಕಾರ್ಡ ತಗದಾರಂತ. ಅಂಗಡ್ಯಾಂವ ಮಷೀನ್ ಒತ್ತಿ ನೋಡಿ, ‘ಬೇ, ನಿಂದು ಬರಾಂಗಿಲ್ಲ’ ಅಂದ. ಪೇಪರಿನ್ಯಾಗ ಬರಿ.”

“ಯಾಕ ತಗದ್ರಂತ?”

“ನಾ ಶ್ರೀಮಂತಳಂತ.”

ಇದನ್ನು ಹೇಳಿ ತಾನೇ ನಕ್ಕಳು. ಆಮೇಲೆ ಕಾರ್ಡನ್ನು ಸೆರಗಿನಿಂದ ಒರೆಸಿದಳು. ಗಂಡ ಸತ್ತಾಗ ಮನೆಯ ಕಾಗದ ಮೈದುನರ ಕಡೆ ಹೋಗಿತ್ತು. ಹೊಲದ ಕಾಗದವೂ ಅಲ್ಲಿಗೇ ಹೋಯಿತು. ಆಕೆಯ ಫೋಟೋ ಇದ್ದು, ಆಕೆಯನ್ನು ಕುಟುಂಬದ ಯಜಮಾನಿ ಎಂದು ಬರೆದ ಕಾಗದ ಇದೊಂದೇ. ಅದು ಯಾವ ಜಾಗದಲ್ಲಿ ಬರೆದಿದೆ ಎಂದು ಯಾರಿಂದಲೋ ಕೇಳಿ ತಿಳಿದುಕೊಂಡು ಬೆರಳಿಟ್ಟು ತೋರಿಸುತ್ತಿದ್ದಳು. ಅದರ ಆಧಾರದ ಮೇಲೆ ಬರುವ ಗೃಹಲಕ್ಷ್ಮಿ ಹಣಕ್ಕೆ ತಿಂಗಳಿಗೊಮ್ಮೆ ಬ್ಯಾಂಕಿಗೆ ಹೋಗಿ ಸಹಿ ಮಾಡಿ ಬರುವುದು ಅವಳ ಹಬ್ಬವಾಗಿತ್ತು.

ಮರುದಿನ ಇಬ್ಬರೂ ಹಿರೇಕೆರೂರಿನ ಕಚೇರಿಗೆ ಹೋದೆವು. ಸರದಿ ಬಂದಾಗ ಗುಮಾಸ್ತರು ಸಂಖ್ಯೆ ಒತ್ತಿ ಪರದೆಯನ್ನು ಓದಿದರು.

“ಟಿಪ್ಪರ್ ಎರಡು. ಇಟ್ಟಂಗಿ ಭಟ್ಟಿ ಒಂದು, ಹಾನಗಲ್ಲ ತಾಲ್ಲೂಕು. ಗುತ್ತಿಗೆದಾರರ ಲೈಸೆನ್ಸ್. ಜಿಎಸ್‌ಟಿ ನಂಬರು.”

ಅಕ್ಕ ತಿರುಗಿ ತನ್ನ ಹಿಂದೆ ಯಾರು ನಿಂತಿದ್ದಾರೆ ಎಂದು ನೋಡಿದಳು.

“ಇದು ಯಾರ್ದ್ರಿ?” ಎಂದಳು.

“ನಿಮ್ದ ಅವ್ವಾರ.”

“ನನ್ನ ಹೆಸರಿನಾಕಿ ಬ್ಯಾರೆ ಯಾರರ ಇರಬೇಕ್ರಿ. ನಂದು ಎಮ್ಮಿ ಎರಡು. ಟಿಪ್ಪರ್ ಅಲ್ಲ.”

“ಆಧಾರ್ ನಂಬರ್ ನಿಮ್ದ ಐತಲ್ರಿ.” ಅವರು ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು. ಜೊತೆಗಿದ್ದ ದಾಖಲೆಯ ಕೆಳಗೆ ಸಹಿ ಇತ್ತು. ಬಾಲ ಮೇಲಕ್ಕೆ ಸುತ್ತಿತ್ತು.

ಅಕ್ಕ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. “ಸಹಿ ಮಾತ್ರ ನಂದ,” ಎಂದಳು. “ಚಲೋ ಬಂದೈತಿ.”

ಸರದಿಯಲ್ಲಿದ್ದವರೊಬ್ಬರು ಎದ್ದು ಆಕೆಗೆ ಕುರ್ಚಿ ಬಿಟ್ಟುಕೊಟ್ಟರು. ಇನ್ನೊಬ್ಬರು ಹತ್ತಿರ ಬಂದು, “ಮಾಲಕ್ರ, ಮನಿ ಮುಂದ ಹಾಕಾಕ ಒಂದು ಟ್ರಿಪ್ ಗರಸು ಮಣ್ಣು ಬೇಕಾಗಿತ್ತು. ಏನು ರೇಟ್ರಿ ಈಗ?” ಎಂದು ಕೇಳಿದರು.

“ನಾನೂ ಅದನ್ನ ಕೇಳಾಕ ಹೊಂಟೇನ್ರಿ,” ಎಂದಳು ಅಕ್ಕ.

ತಮ್ಮನ ಊರಿಗೆ ಹೋಗುವ ದಾರಿಯಲ್ಲಿ ಆಕೆಗೆ ಒಂದು ಸಂಗತಿ ನೆನಪಾಯಿತು. “ಮಗಳ ಮನೀಗೆ ಹೋಗುವಾಗ ಬೋರ್ಡಿನ ಮ್ಯಾಲೆ ನನ್ನ ಹೆಸರು ಕಂಡಿತ್ತೋ. ನನ್ನ ಹೆಸರಿನಾಕಿ ಯಾರೋ ಶ್ಯಾಣ್ಯಾಕಿ ಅದಾಳ, ಬೋರ್ಡಿನಾಗ ಬಂದಾಳ ಅಂತ ಖುಷಿ ಆಗಿತ್ತು.”

ಊರ ಅಗಸಿ ಬಾಗಿಲ ಹತ್ತಿರ ಆ ಬೋರ್ಡು ಸಿಕ್ಕಿತು. ಪಂಚಾಯ್ತಿ ಕಾಮಗಾರಿಗಳಿಗೆ ನಿಲ್ಲಿಸುವ ಸಿಮೆಂಟಿನ ಫಲಕ. ಚರಂಡಿ ನಿರ್ಮಾಣ, ಇಷ್ಟು ಮೀಟರ್ ಉದ್ದ, ಗುತ್ತಿಗೆದಾರರು ಇಂಥವರು. ಅಕ್ಕ ಬೈಕಿನಿಂದಿಳಿದು ಹೆಸರಿನ ನಾಲ್ಕೂ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ಮೇಲಿನ ಸಾಲುಗಳನ್ನು ನಾನು ಓದಿ ಹೇಳಿದೆ.

“ಚರಂಡಿ ಅಂದ್ರ ಗಟಾರ ಹೌದಿಲ್ಲೊ?”

“ಹೌದು.”

“ಎಲ್ಲೈತಿ?”

ಇಬ್ಬರೂ ಹುಡುಕಿದೆವು. ಬೋರ್ಡಿನ ಈ ಕಡೆ ಜಾಲಿಗಿಡ, ಆ ಕಡೆ ಒಬ್ಬರ ಹಿತ್ತಿಲು. ಮನೆಗಳ ಬಚ್ಚಲು ನೀರು ದಾರಿಯ ನಡುವೆಯೇ ಹರಿಯುತ್ತಿತ್ತು. ಅಲ್ಲಿ ನೀರು ತರುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ನೋಡಿ, “ಏನು ಹುಡುಕಾಕತ್ತೀರಿ?” ಎಂದಳು.

“ಗಟಾರ.”

“ನಾವೂ ಹುಡುಕಾಕತ್ತೇವ್ರಿ. ಸಿಕ್ಕರ ಹೇಳ್ರಿ.” ಹೋಗುತ್ತ ಹೋಗುತ್ತ ಆಕೆ ಬೋರ್ಡಿನ ಕಡೆ ಕೈ ಮಾಡಿ, “ಆಕಿನ್ನ ಕೇಳ್ರಿ, ಗುತ್ತಿಗಿ ಹಿಡದಾಕಿನ್ನ. ಎಲ್ಲಿ ನುಂಗಿ ಕುಂತಾಳೋ,” ಎಂದಳು.

ಅಕ್ಕ ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಂಡಳು.

ಅಧ್ಯಕ್ಷ ಮನೆಯಲ್ಲೇ ಇದ್ದ. ಅಕ್ಕನನ್ನು ಕಂಡು ಎದ್ದು, “ಬಾ ಅಕ್ಕಾ, ಕುಂಡ್ರು,” ಎಂದ. ನನ್ನ ಕಡೆ ನೋಡಿ, “ಪೇಪರ್ ಸಾಹೇಬ್ರೂ ಬಂದಾರ,” ಎಂದ.

ಅಕ್ಕ ಕೂರಲಿಲ್ಲ. “ನನ್ನ ಟಿಪ್ಪರ್ ಎಲ್ಲಿ ಅದಾವು?”

ಅವನು ಮೊದಲು ನನ್ನ ಮುಖ ನೋಡಿದ. “ಅಕ್ಕಾ, ಅದು ಹೆಸರಿಗಷ್ಟ.”

“ಹೆಸರು ಯಾರ್ದು?”

“ನಿಂದು.”

“ಮತ್ತ?”

ಅವನು ತಿಳಿಸಿ ಹೇಳಿದ. ಸದಸ್ಯನಾದವನು ತನ್ನ ಪಂಚಾಯ್ತಿಯ ಗುತ್ತಿಗೆ ತಾನೇ ಹಿಡಿಯುವಂತಿಲ್ಲ. ಆಸ್ತಿ ವಿವರದಲ್ಲಿ ತನ್ನದು, ಹೆಂಡತಿಯದು, ತನ್ನನ್ನು ಅವಲಂಬಿಸಿದವರದು ಕೇಳುತ್ತಾರೆ. ಬೇರೆ ತಾಲ್ಲೂಕಿನಲ್ಲಿ ಎಮ್ಮೆ ಕಟ್ಟಿಕೊಂಡಿರುವ ಅಕ್ಕನದನ್ನು ಕೇಳುವ ಕಾಲಂ ಇಲ್ಲ. “ಅದಕ್ಕ ನಿನ್ನ ಹೆಸರ್ಲೆ ಮಾಡೇನಿ. ನಂಬಿಕಿ ಮ್ಯಾಲೆ.”

“ಗಟಾರ?”

“ಅದು ಬಿಲ್ಲಾಗೇತಿ.”

“ಬಿಲ್ಲಾಗೇತಿ. ಗಟಾರ ಆಗಿಲ್ಲ.”

ಅವನು ಮಾತು ಬದಲಿಸಿದ. “ಐದು ಕೇಜಿ ಅಕ್ಕಿಗೆ ಇಷ್ಟ್ಯಾಕ ಮನಸಿಗೆ ಹಚ್ಕೊಂತಿ? ತಿಂಗಳಿಗೊಂದು ಚೀಲ ಸಣ್ಣಕ್ಕಿ ಮನೀಗೆ ಕಳಸ್ತೇನಿ.”

“ನಿನ್ನ ಅಕ್ಕಿ ಬ್ಯಾಡ. ನನ್ನ ಕಾರ್ಡ ಕೊಡು.”

ನಾನು ಮನೆಗೆ ಬಂದು ವರದಿ ಬರೆದೆ. ಆರು ಪ್ಯಾರಾ. ಮೊದಲ ಮೂರರಲ್ಲಿ ಕಾರ್ಡು ರದ್ದಾದದ್ದು, ದಾಖಲೆಯಲ್ಲಿರುವ ಆಸ್ತಿ, ಕಚೇರಿಯವರ ವಿವರಣೆ. ಕೊನೆಯ ಮೂರರಲ್ಲಿ ಆಕೆಗೆ ಇದು ಯಾವುದೂ ಗೊತ್ತಿರಲಿಲ್ಲ ಎಂಬುದು, ಸಹಿ ಮಾಡಿಸಿಕೊಂಡವರು ಯಾರು, ಗುತ್ತಿಗೆ ಯಾವ ಪಂಚಾಯ್ತಿಯದು, ಅದಕ್ಕೆ ಮಾಜಿ ಅಧ್ಯಕ್ಷರ ಪ್ರತಿಕ್ರಿಯೆ. ಅಂದು ಸಂಜೆ ಪುಟಕ್ಕೆ ಜಾಹೀರಾತು ಬಂತು. ಜಾಗ ಸಾಲದಾಗ ಸುದ್ದಿಯನ್ನು ಕೆಳಗಿನಿಂದ ಕತ್ತರಿಸುವುದು ಪದ್ಧತಿ. ಮರುದಿನ ಮೂರು ಪ್ಯಾರಾ ಪ್ರಕಟವಾಗಿತ್ತು. ತಲೆಬರಹ: “ಎರಡು ಟಿಪ್ಪರ್ ಒಡತಿಗೆ ಬಡವರ ಕಾರ್ಡು”.

ಬೆಳಿಗ್ಗೆಯಿಂದ ಫೋನು ಬಂದವು. ಇಂಥವರನ್ನು ಹೀಗೇ ಬಯಲಿಗೆ ಎಳೆಯಬೇಕು ಎಂದರು. ಬಡವರ ಅಕ್ಕಿ ತಿನ್ನುವವರಿಗೆ ನಾಚಿಕೆ ಇಲ್ಲ ಎಂದರು. ಅಧ್ಯಕ್ಷನೂ ಮಾಡಿದ. “ಚಲೋ ಬರದೀಲೇ. ಪೇಪರ್ ಅಂದ್ರ ಹಿಂಗಿರಬೇಕು.”

ಮಧ್ಯಾಹ್ನ ಅಕ್ಕನ ಫೋನು. “ತಮ್ಮಾ, ನನ್ನ ಹೆಸರು ಓದಿದೆ. ಚಂದ ಬಂದೈತಿ. ಉಳದದ್ದನ್ನ ಅಂಗನವಾಡಿ ಟೀಚರ್ ಕಡೆ ಓದಸೀನಿ. ನಾ ಹೇಳಿದ್ದು ಎಲ್ಲಿ ಹೋತು?”

“ಜಾಗ ಸಾಲಲಿಲ್ಲಕ್ಕ.”

“ನನಗ ಬೈಯಾಕ ಜಾಗ ಇತ್ತಲ್ಲ.”

ಸುದ್ದಿಯನ್ನು ಕೆಳಗಿನಿಂದ ಕತ್ತರಿಸುವ ಪದ್ಧತಿಯನ್ನು ತಿಳಿಸಿ ಹೇಳಿದೆ.

“ಹೋಗಲಿ. ಅರ್ಜಿ ಬರದ್ರ ಅದನ್ನ ಯಾರರ ಕತ್ತರಸ್ತಾರೇನು?”

“ಅರ್ಜಿ ಕತ್ತರಸಂಗಿಲ್ಲ.”

“ಹಂಗಾದ್ರ ಬರ್ತೇನಿ.”

ಬಂದಳು. ಆಕೆ ಹೇಳಿದಂತೆ ಅರ್ಜಿ ಬರೆದೆ: ಈ ಟಿಪ್ಪರ್‌ಗಳು ನನ್ನವಲ್ಲ, ಭಟ್ಟಿಯನ್ನು ನಾನು ಕಂಡಿಲ್ಲ, ಗಟಾರವನ್ನೂ ಕಂಡಿಲ್ಲ, ನನ್ನ ತಮ್ಮ ಸಹಿ ಮಾಡು ಎಂದ, ಮಾಡಿದೆ, ಕಾರ್ಡು ವಾಪಸು ಕೊಡಿ. ಎರಡು ಸಲ ಓದಿಸಿಕೊಂಡಳು. ಬರೆದದ್ದನ್ನು ಓದಿಸಿಕೊಳ್ಳದೆ ಇನ್ನು ಮುಂದೆ ಸಹಿ ಇಲ್ಲ ಎಂದಳು. ಸಹಿ ಮಾಡಿ ಬಾಲ ಸುತ್ತಿದ ಮೇಲೆ ತಾನೇ ತಮ್ಮನಿಗೆ ಫೋನು ಹಚ್ಚಿ ಸುದ್ದಿ ಹೇಳಿದಳು. ಹೇಳದೆ ಮಾಡಿದರೆ ಸರಿಯಲ್ಲ ಎಂದು ಆಕೆಯ ಅಭಿಪ್ರಾಯ.

ಒಂದು ತಾಸಿನೊಳಗೆ ಅವನು ನನ್ನ ಮನೆಯಲ್ಲಿದ್ದ. ಬೀಗರ ಕಾರಿನಲ್ಲಿ ಬಂದಿದ್ದ. ಕೈಯಲ್ಲಿ ಬಾಳೆಹಣ್ಣು.

“ಅಕ್ಕಾ, ಈ ಕಾಗದ ಕೊಟ್ರ ನಾ ಒಳಗ ಹೋಗ್ತೇನಿ.”

“ಎಲ್ಲಿ ಒಳಗ?”

“ಜೈಲಿನಾಗ.”

“ಅಲ್ಲಿ ಊಟ ಕೊಡ್ತಾರಂತ. ಸರ್ಕಾರದ ಅಕ್ಕಿನ.”

ಅವನು ಬಾಳೆಹಣ್ಣನ್ನು ನನ್ನ ಕೈಗೆ ಕೊಟ್ಟು ಕೂತ. ಕಾರ್ಡು ಬರಬೇಕಾದರೆ ಆಸ್ತಿ ಅಕ್ಕನ ಹೆಸರಿನಿಂದ ಹೋಗಬೇಕು. ಹೋಗಬೇಕಾದರೆ ಇನ್ನೊಬ್ಬರ ಹೆಸರು ಬೇಕು. ತನ್ನ ಹೆಸರಿಗೆ ಬರುವಂತಿಲ್ಲ, ಪಂಚಾಯ್ತಿ ಅವಧಿ ಮುಗಿಯಲು ಬಂದಿತ್ತು, ಮತ್ತೆ ನಿಲ್ಲಬೇಕಿತ್ತು. ನಾವು ಮೂವರೂ ಅವನ ಬಂಧುಬಳಗವನ್ನು ಒಬ್ಬೊಬ್ಬರಾಗಿ ನೆನೆಸಿಕೊಂಡೆವು. ಚಿಕ್ಕಪ್ಪನ ಮಗ ಹೇಗೆ ಎಂದು ಅಕ್ಕ ಕೇಳಿದಳು. “ಅಂವ ಮೂರು ದಿನದಾಗ ಮಾರ್ತಾನ.” ಶಿಗ್ಗಾವಿಯ ದೊಡ್ಡಪ್ಪನ ಮಗ? “ಮಾರಂಗಿಲ್ಲ. ಒತ್ತಿ ಇಡ್ತಾನ.” ಸೋದರಮಾವ? “ಕುಡದ ಬಿಡ್ತಾನ.”

“ಇಷ್ಟ ಮಂದಿ ಕಳ್ಳರು ಅದಾರ ನಮ್ಮನ್ಯಾಗ?” ಎಂದಳು ಅಕ್ಕ.

“ಅದಕ್ಕ ಅಕ್ಕಾ ನಿನ್ನ ಹಿಡದದ್ದು. ನಂಬಾಕ ನೀ ಒಬ್ಬಾಕಿನ.”

“ನನಗ ನಂಬಾಕ ಯಾರದಾರ?”

ಅವನು ಒಂದು ಬಾಳೆಹಣ್ಣು ಕಿತ್ತು ಆಕೆಯ ಮುಂದೆ ಹಿಡಿದ. ಕೊನೆಗೆ ಅವನಿಗೆ ಚಾಲಕನ ನೆನಪಾಯಿತು. ಐವತ್ತು ದಾಟಿದ ಮನುಷ್ಯ, ಮೊದಲ ಟಿಪ್ಪರ್ ಬಂದಾಗಿನಿಂದ ಅದನ್ನು ಓಡಿಸುತ್ತಿದ್ದ. ಏನು ಹೇಳಿದರೂ “ಹೂಂ ರೀ” ಎನ್ನುತ್ತಿದ್ದ. ಅವನ ಬಾಯಿಂದ ಬೇರೆ ಮಾತು ನಾನೂ ಕೇಳಿದ್ದಿಲ್ಲ. ಅಧ್ಯಕ್ಷ ಫೋನು ಹಚ್ಚಿ ಕೇಳಿದ. ಆ ಕಡೆಯಿಂದ “ಹೂಂ ರೀ” ಎಂದ.

“ಹಂಗಾದ್ರ ಅಕ್ಕಾ, ಸಹಿ ಮಾಡಬೇಕು ನೀನು,” ಎಂದ ಅಧ್ಯಕ್ಷ.

“ಮಾಡ್ತೇನಿ. ಮೊದಲ ಗಟಾರ ಮಾಡು.”

“ಅದರ ಬಿಲ್ಲು ಆಗಿ ಎರಡು ವರ್ಷ ಆತಕ್ಕ. ಈಗ ಮಾಡಿದ್ರ ಯಾರು ಕೊಡ್ತಾರ ರೊಕ್ಕ?”

“ಬೋರ್ಡಿನ್ಯಾಗ ನನ್ನ ಹೆಸರೈತಿ. ಆ ಹೆಣ್ಮಗಳು ನನಗ ಬೈದು ಹೋದ್ಲು. ಗಟಾರ ಆಗೂತನ ಸಹಿ ಇಲ್ಲ.” ಅರ್ಜಿಯನ್ನು ಮಡಚಿ ಕೈಚೀಲದೊಳಗೆ ಇಟ್ಟುಕೊಂಡಳು.

ಗಟಾರದ ಕೆಲಸ ಮುಂದಿನ ವಾರ ಶುರುವಾಯಿತು. ಜಾಲಿ ಕಡಿದರು. ಇಟ್ಟಂಗಿ ಹಾನಗಲ್ಲ ಕಡೆಯ ಭಟ್ಟಿಯಿಂದ ಬಂತು, ಗರಸು ಟಿಪ್ಪರ್‌ನಲ್ಲಿ ಬಂತು. ಅಧ್ಯಕ್ಷ ದಿನಾಲೂ ನಿಂತು ಮಾಡಿಸುವುದನ್ನು ಕಂಡ ಊರಿನವರಿಗೆ ಚುನಾವಣೆ ಬಂದಿದೆ ಎಂಬ ಅನುಮಾನ ಬಂದು, ಇಬ್ಬರು ನನಗೆ ಫೋನು ಮಾಡಿ ತಾರೀಖು ಕೇಳಿದರು.

ಮುಗಿದ ಮೇಲೆ ಅಕ್ಕ ಬಂದು ನೋಡಿದಳು. ಬೋರ್ಡಿನಲ್ಲಿ ಬರೆದ ಉದ್ದವನ್ನು ನನ್ನಿಂದ ಓದಿಸಿ, ಎಷ್ಟು ಹೆಜ್ಜೆ ಆಗುತ್ತದೆ ಎಂದು ಕೇಳಿಕೊಂಡು, ಗಟಾರದ ಗುಂಟ ಹೆಜ್ಜೆ ಹಾಕುತ್ತ ಹೋದಳು. ಒಂಬತ್ತು ಹೆಜ್ಜೆ ಕಡಿಮೆ ಬಂತು.

“ಅಕ್ಕಾ, ನಿನ್ನ ಹೆಜ್ಜಿ ದೊಡ್ಡವು,” ಎಂದ ಅವನು.

“ನೀ ಹಾಕು.”

ಅವನು ಹಾಕಿದ. ಹತ್ತು ಕಡಿಮೆ ಬಂತು. ಉಳಿದದ್ದನ್ನೂ ಕಟ್ಟಿಸಿದ. ಹಿಂದೆ ನೀರಿನ ಕೊಡ ಹೊತ್ತು ಸಿಕ್ಕಿದ್ದ ಹೆಂಗಸು ಬಂದು ನಿಂತು ನೋಡಿದಳು. “ಅಂತೂ ಸಿಕ್ತಲ್ರಿ,” ಎಂದಳು. ಬೋರ್ಡಿನಲ್ಲಿದ್ದವಳು ತಾನೇ ಎಂದು ಅಕ್ಕ ಆಗ ಹೇಳಿದಳು.

ಅದಾದ ಮೇಲೆ ವರ್ಗಾವಣೆಯ ಕಾಗದಗಳಿಗೆ ಸಹಿ ಆಯಿತು. ಪ್ರತಿಯೊಂದನ್ನೂ ಓದಿಸಿಕೊಂಡು ಮಾಡಿದ್ದರಿಂದ ಒಂದು ಇಡೀ ದಿನ ಹಿಡಿಯಿತು. ಎರಡು ಟಿಪ್ಪರ್ ಮತ್ತು ಭಟ್ಟಿ ಚಾಲಕನ ಹೆಸರಿಗೆ ಹೋದವು. ಗುತ್ತಿಗೆಯ ಲೈಸೆನ್ಸನ್ನು ಬಿಟ್ಟುಕೊಟ್ಟಳು. ಚಾಲಕನೂ ಅಂದು ಬಂದಿದ್ದ. ಎಲ್ಲಿ ಬೆರಳಿಟ್ಟು ತೋರಿಸಿದರೆ ಅಲ್ಲಿ ಸಹಿ ಮಾಡಿದ. “ಇದು ಹೆಸರಿಗಷ್ಟ ಮತ್ತ. ನೆಪ್ಪಿರಲಿ,” ಎಂದ ಅಧ್ಯಕ್ಷ. ಅವನು “ಹೂಂ ರೀ” ಎಂದ.

ನಡೆದದ್ದನ್ನೆಲ್ಲ ಸೇರಿಸಿ ನಾನು ಎರಡನೆಯ ವರದಿ ಕಳಿಸಿದೆ. ಈ ಸಲ ಅಕ್ಕನ ಮಾತನ್ನು ಮೊದಲ ಪ್ಯಾರಾದಲ್ಲೇ ಇಟ್ಟಿದ್ದೆ. ಮಾಜಿ ಅಧ್ಯಕ್ಷರ ವಿರುದ್ಧ ಆಕೆ ಸಹಿ ಮಾಡಿ ಸಲ್ಲಿಸಿದ ದಾಖಲೆ ಇದೆಯೇ ಎಂದು ಡೆಸ್ಕಿನವರು ಕೇಳಿದರು. ಸಹಿ ಮಾಡಿದ ಅರ್ಜಿ ಇತ್ತು, ಸಲ್ಲಿಸಿರಲಿಲ್ಲ. ಕೇಳಲು ಹೋದಾಗ ಅಕ್ಕ ಅದನ್ನು ಟ್ರಂಕಿನಲ್ಲಿ ಸೀರೆಯ ಕೆಳಗೆ ಇಟ್ಟಿದ್ದಳು. “ಕಾರ್ಡ ಬರೂತನ ಕೊಡಂಗಿಲ್ಲ. ಬಂದ ಮ್ಯಾಲೂ ಕೊಡಂಗಿಲ್ಲ. ಅದು ನನ್ನ ಕಡೆ ಇದ್ರ ಅಂವ ನೆಟ್ಟಗ ಇರ್ತಾನ,” ಎಂದಳು. ವರದಿ ಪ್ರಕಟವಾಗಲಿಲ್ಲ.

ಹಿರೇಕೆರೂರಿಗೆ ಮೂರು ಸಲ ಹೋಗಿ ಬಂದ ಮೇಲೆ ಅಕ್ಕನ ಕಾರ್ಡು ಮತ್ತೆ ಚಾಲ್ತಿಗೆ ಬಂತು. ಹೆಸರಿನ ಮುಂದೆ ಯಜಮಾನಿ ಎಂದೇ ಇದೆ. ಮೊದಲ ಅಕ್ಕಿ ತಂದ ದಿನ ನನಗೆ ಫೋನು ಮಾಡಿ, “ಅಂಗಡ್ಯಾಂವ ಮಾಲಕ್ರ ಬರ್ರಿ ಅಂತ ಚ್ಯಾಷ್ಟಿ ಮಾಡಿದ. ಮಾಲಕಿ ಅಲ್ಲೋ, ಯಜಮಾನಿ ಅಂದೆ,” ಎಂದಳು.

ಈ ತಿಂಗಳ ಮೊದಲ ವಾರ ಅಧ್ಯಕ್ಷ ಸವಣೂರಿನ ನನ್ನ ಮನೆಗೆ ಹಳೆಯ ಬೈಕಿನಲ್ಲಿ ಬಂದ. ಅದು ಚಾಲೂ ಆಗಿತ್ತು. ಚಾಲಕ ನನ್ನ ಕಣ್ಣಿಗೆ ಎಲ್ಲಾದರೂ ಬಿದ್ದನೇ ಎಂದು ಕೇಳಿದ. ಎರಡು ಟಿಪ್ಪರ್‌ಗಳೂ ಎಂಟು ದಿನದಿಂದ ಕಾಣುತ್ತಿಲ್ಲ. ಭಟ್ಟಿಯಲ್ಲಿ ಸುಟ್ಟು ಒಟ್ಟಿದ್ದ ಇಟ್ಟಂಗಿಯೂ ಇಲ್ಲ. ಫೋನು ಹಚ್ಚಿದಾಗ ಚಾಲಕ ಒಮ್ಮೆ ಎತ್ತಿದ್ದನಂತೆ. ನಾಳೆ ಬೆಳಿಗ್ಗೆ ಗಾಡಿ ತಂದು ನಿಲ್ಲಿಸು ಎಂದು ಇವನು ಹೇಳಿದ್ದಕ್ಕೆ “ಹೂಂ ರೀ” ಎಂದು ಇಟ್ಟವನು ಮತ್ತೆ ಎತ್ತಿಲ್ಲ.

ನಿನ್ನೆ ಠಾಣೆಗೆ ಹೋಗಿ ವಿಚಾರಿಸಿದೆ. ಟಿಪ್ಪರ್ ಕಳುವಾದ ಬಗ್ಗೆ ಯಾರೂ ದೂರು ಕೊಟ್ಟಿಲ್ಲ.